ರೋಶ್ ಹಶಾನಾ: ಯಹೂದಿ ಹೊಸ ವರ್ಷದ ಅರ್ಥ, ಆಚರಣೆ ಮತ್ತು ಅತಿಥಿಯಾಗಿ ಹೋಗುವವರಿಗೆ ದಾರಿ

ಯಹೂದಿ ಗೆಳೆಯರೊಬ್ಬರ ಮನೆಯಿಂದ ಹೊಸ ವರ್ಷದ ಊಟಕ್ಕೆ ಕರೆ ಬಂದಿದೆ ಎಂದುಕೊಳ್ಳೋಣ. ಹೊಸ ವರ್ಷವೆಂದರೆ ನಡುರಾತ್ರಿಯ ಸಡಗರ, ಹಾಡು, ಪಟಾಕಿ ಎಂಬ ಎಣಿಕೆಯಲ್ಲಿ ಹೋದವರಿಗೆ ಅಲ್ಲಿ ಕಾಣುವುದೇ ಬೇರೆ. ಸಂಜೆ ದೀಪದ ಬೆಳಕಿನಲ್ಲಿ ಜೇನುತುಪ್ಪದ ಬಟ್ಟಲು, ಸೇಬಿನ ಹೋಳು, ದಾಳಿಂಬೆ, ದುಂಡನೆಯ ಬ್ರೆಡ್ಡು ಇರುತ್ತವೆ. ಮರುದಿನ ಬೆಳಿಗ್ಗೆ ಸಿನಗಾಗ್‌ನಲ್ಲಿ ಬಿಳಿ ಬಟ್ಟೆ ತೊಟ್ಟು ಗಂಟೆಗಟ್ಟಲೆ ಪ್ರಾರ್ಥಿಸುವ ಜನರೂ, ಅವರ ನಡುವಿನಿಂದ ಏಳುವ ಟಗರಿನ ಕೊಂಬಿನ ಬಿಕ್ಕುವ ದನಿಯೂ ಇರುತ್ತವೆ. ರೋಶ್ ಹಶಾನಾ ಹಬ್ಬದೂಟದ ದಿನವೂ ಹೌದು, ದೇವರ ಮುಂದೆ ವರ್ಷದ ಲೆಕ್ಕ ಒಪ್ಪಿಸುವ ದಿನವೂ ಹೌದು. ಒಂದನ್ನು ಮರೆತರೆ ಇನ್ನೊಂದು ಅರ್ಥವಾಗುವುದಿಲ್ಲ. ಅತಿಥಿಯಾಗಿ ಹೋಗುವವರಿಗೂ, ಇಸ್ರೇಲಿನ ಸಹೋದ್ಯೋಗಿಗಳೊಡನೆ ದಿನವೂ ಮಾತಾಡುವ ಬೆಂಗಳೂರಿನ ತಂತ್ರಜ್ಞರಿಗೂ, ತಿಳಿಯುವ ಆಸೆಯಿಂದಷ್ಟೇ ಓದುವವರಿಗೂ ಒದಗಲೆಂದು ಈ ಹಬ್ಬದ ಕ್ರಮವನ್ನು ಅದರ ಹಿಂದಿನ ಕಾರಣಗಳೊಡನೆ ಇಲ್ಲಿ ಬರೆದಿದ್ದೇನೆ.

ಮೊದಲು ದಿನ ಗೊತ್ತುಮಾಡಿಕೊಳ್ಳಿ

ಯಹೂದಿ ದಿನ ಸೂರ್ಯಾಸ್ತದಿಂದ ಶುರುವಾಗುತ್ತದೆ. ಆದ್ದರಿಂದ ಕ್ಯಾಲೆಂಡರಿನಲ್ಲಿ ಹಬ್ಬವೆಂದು ಗುರುತಾಗಿರುವ ತಾರೀಖಿನ ಹಿಂದಿನ ಸಂಜೆಯೇ ಹಬ್ಬ ಮನೆಗೆ ಬಂದಿರುತ್ತದೆ. ಊಟದ ಕರೆಯೂ ಸಾಮಾನ್ಯವಾಗಿ ಆ ಸಂಜೆಗೇ ಇರುತ್ತದೆ. ತಿಶ್ರೀ ತಿಂಗಳ ಮೊದಲ ಎರಡು ದಿನಗಳು ರೋಶ್ ಹಶಾನಾ. ಸೃಷ್ಟಿಯಿಂದ ಎಣಿಸುವ ಯಹೂದಿ ಶಕದ 5786ನೇ ವರ್ಷ 2025ರ ಸೆಪ್ಟೆಂಬರ್ 22ರ ಸಂಜೆ ಆರಂಭವಾಯಿತು. 5787ನೇ ವರ್ಷದ ಆರಂಭ 2026ರ ಸೆಪ್ಟೆಂಬರ್ 11ರ ಸಂಜೆ. 5788ರದು 2027ರ ಅಕ್ಟೋಬರ್ 1ರ ಸಂಜೆ.

ದಿನ ಇಷ್ಟು ಹಿಂದೆ ಮುಂದೆ ಆಗುವುದೇಕೆ ಎಂಬುದು ಪಂಚಾಂಗ ನೋಡಿ ಬೆಳೆದ ನಮಗೆ ಸುಲಭವಾಗಿ ತಿಳಿಯುತ್ತದೆ. ಹನ್ನೆರಡು ಚಾಂದ್ರಮಾಸಗಳು ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆ ಬೀಳುವ ತೊಡಕನ್ನು ನಮ್ಮ ಪಂಚಾಂಗ ಅಧಿಕಮಾಸದಿಂದ ಸರಿಪಡಿಸುವಂತೆ, ಯಹೂದಿ ಪಂಚಾಂಗ 19 ವರ್ಷಗಳ ಚಕ್ರದಲ್ಲಿ 7 ಬಾರಿ ಅದಾರ್ ತಿಂಗಳನ್ನು ಇಮ್ಮಡಿಸಿ ಸರಿಪಡಿಸುತ್ತದೆ. ಹೀಗಾಗಿ ರೋಶ್ ಹಶಾನಾ ಹಲವು ವರ್ಷ ನಮ್ಮ ಮಹಾಲಯ ಅಮಾವಾಸ್ಯೆಯ ಬೆನ್ನಿಗೇ ಬರುತ್ತದೆ. 2025ರಲ್ಲಿ ನವರಾತ್ರಿಯ ಪಾಡ್ಯದ ಸಂಜೆಯೇ ಅದು ಮೊದಲಾಯಿತು. 2026ರಲ್ಲಿ ನಮಗೆ ಅಧಿಕ ಜ್ಯೇಷ್ಠ ಮೊದಲೇ ಬರುವುದರಿಂದಲೂ, ಅವರ ಹೆಚ್ಚಿನ ತಿಂಗಳು 2027ರ ಆರಂಭದ ತಿಂಗಳುಗಳಿಗೆ ಬೀಳುವುದರಿಂದಲೂ, ರೋಶ್ ಹಶಾನಾದ ಮೊದಲ ಹಗಲು ಗಣೇಶ ಚತುರ್ಥಿಗಿಂತ ಎರಡು ದಿನ ಮುಂಚೆ ಬರುತ್ತದೆ. ಇನ್ನೊಂದು ನಿಯಮವೂ ಇದೆ. ಹಬ್ಬದ ಮೊದಲ ಹಗಲು ಭಾನುವಾರ, ಬುಧವಾರ, ಶುಕ್ರವಾರಗಳಲ್ಲಿ ಎಂದೂ ಬರದಂತೆ ಪಂಚಾಂಗವನ್ನು ಹೊಂದಿಸಲಾಗುತ್ತದೆ. ಇಲ್ಲವಾದರೆ ಒಂಬತ್ತು ದಿನಗಳ ನಂತರದ ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತದ ಉಪವಾಸ, ಸಬ್ಬತ್ ಎಂಬ ಶನಿವಾರದ ವಿಶ್ರಾಂತಿಯ ದಿನಕ್ಕೆ ಅಂಟಿಕೊಂಡು ಬರುವಂಥ ತೊಂದರೆಗಳು ಎದುರಾಗುತ್ತವೆ.

ಬೇರೆ ಹಬ್ಬಗಳನ್ನು ಇಸ್ರೇಲಿನಲ್ಲಿ ಒಂದು ದಿನ, ಹೊರದೇಶಗಳಲ್ಲಿ ಎರಡು ದಿನ ಆಚರಿಸುವ ರೂಢಿಯಿದ್ದರೂ ರೋಶ್ ಹಶಾನಾ ಮಾತ್ರ ಇಸ್ರೇಲಿನಲ್ಲೂ ಎರಡು ದಿನದ್ದು. ಲೆಕ್ಕದ ಪಂಚಾಂಗ ಬರುವ ಮೊದಲು, ಎಳೆಯ ಚಂದ್ರನನ್ನು ಕಣ್ಣಾರೆ ಕಂಡ ಸಾಕ್ಷಿಗಳು ಬಂದು ನ್ಯಾಯಸಭೆಯ ಮುಂದೆ ಹೇಳಿದ ಮೇಲೆಯೇ ಹೊಸ ತಿಂಗಳನ್ನು ಸಾರಲಾಗುತ್ತಿತ್ತು. ತಿಂಗಳ ಮೊದಲ ದಿನದಂದೇ ಬರುವ ಹಬ್ಬ ಇದೊಂದೇ ಆದ್ದರಿಂದ, ಸಾಕ್ಷಿಗಳು ತಡವಾಗಿ ಬಂದರೆ ಯಾವ ದಿನ ಹಬ್ಬವೆಂಬುದು ಹಬ್ಬದ ದಿನವೇ ಅನುಮಾನಕ್ಕೆ ಬೀಳುತ್ತಿತ್ತು. ಆ ಅನುಮಾನವನ್ನು ರಬ್ಬಿಗಳೆಂಬ ಧರ್ಮಗುರುಗಳು ಎರಡು ದಿನಗಳನ್ನೂ ಸೇರಿಸಿ ‘ಒಂದೇ ಉದ್ದನೆಯ ದಿನ’ ಎಂದು ಕರೆದು ಬಗೆಹರಿಸಿದರು.

ಓದುಗರನ್ನು ಹೆಚ್ಚು ಗೊಂದಲಕ್ಕೆ ದೂಡುವ ಸಂಗತಿಯೆಂದರೆ ತಿಶ್ರೀ, ಯಹೂದಿಗಳ ಮೂಲ ಧರ್ಮಗ್ರಂಥವಾದ ಟೋರಾದ ಎಣಿಕೆಯಲ್ಲಿ, ಏಳನೆಯ ತಿಂಗಳು ಎಂಬುದು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನಿಸಾನ್ ತಿಂಗಳೇ ಅಲ್ಲಿ ಮೊದಲನೆಯದು. ಟೋರಾದ ಯಾಜಕಕಾಂಡ ಮತ್ತು ಅರಣ್ಯಕಾಂಡಗಳಲ್ಲಿ ಏಳನೆಯ ತಿಂಗಳ ಮೊದಲ ದಿನವನ್ನು ಕೊಂಬಿನ ದನಿಯ ದಿನವೆಂದೂ, ಆ ದನಿಯಿಂದ ಸ್ಮರಣೆ ಮಾಡಬೇಕಾದ ದಿನವೆಂದೂ ಹೇಳಿದೆಯೇ ಹೊರತು ಹೊಸ ವರ್ಷವೆಂದು ಎಲ್ಲಿಯೂ ಹೇಳಿಲ್ಲ. ರಬ್ಬಿಗಳ ಕಟ್ಟಳೆಗಳ ಸಂಗ್ರಹವಾದ ಮಿಶ್ನಾ ಗ್ರಂಥ ಒಂದಲ್ಲ, ನಾಲ್ಕು ಹೊಸ ವರ್ಷಗಳನ್ನು ಎಣಿಸುತ್ತದೆ: ಅರಸರ ಆಳ್ವಿಕೆಗೂ ಹಬ್ಬಗಳ ಸರಣಿಗೂ ನಿಸಾನ್, ದನಕರುಗಳ ದಶಮಾಂಶಕ್ಕೆ ಎಲುಲ್, ಮರಗಳಿಗೆ ಶೆವಾತ್, ವರ್ಷಗಳ ಎಣಿಕೆಗೆ ತಿಶ್ರೀ. ಹಣಕಾಸಿನ ವರ್ಷ ಏಪ್ರಿಲ್‌ಗೆ, ಶಾಲೆಯ ವರ್ಷ ಜೂನ್‌ಗೆ, ಸಂವತ್ಸರ ಯುಗಾದಿಗೆ ಮೊದಲಾಗುವ ನಮ್ಮ ನಾಡಿನವರಿಗೆ ಇದು ವಿಚಿತ್ರವೆನಿಸಬೇಕಿಲ್ಲ. ಮನುಷ್ಯ ಸೃಷ್ಟಿಯಾದದ್ದು ತಿಶ್ರೀಯ ಮೊದಲ ದಿನ ಎಂಬ ನಂಬಿಕೆ ರಬ್ಬಿಗಳ ಕಾಲದಲ್ಲಿ ಬೇರೂರಿದ ಮೇಲೆ, ಆ ದಿನ ಲೋಕದ ಹುಟ್ಟುಹಬ್ಬವೂ, ಲೋಕದ ಒಡೆಯ ತನ್ನ ಸೃಷ್ಟಿಯನ್ನು ವಿಚಾರಿಸಿಕೊಳ್ಳುವ ದಿನವೂ ಆಯಿತು. ಹೀಗಾಗಿಯೇ ಅದಕ್ಕೆ ಸ್ಮರಣೆಯ ದಿನ, ತೀರ್ಪಿನ ದಿನ ಎಂಬ ಹೆಸರುಗಳೂ ಇವೆ.

ಸಿದ್ಧತೆ ಒಂದು ತಿಂಗಳಿನದು

ಹಬ್ಬದ ಮುಂಚಿನ ಎಲುಲ್ ತಿಂಗಳಿಡೀ ತಯಾರಿಯ ಕಾಲ. ಅಶ್ಕೆನಾಜಿ ಎಂದು ಕರೆಯುವ ಯುರೋಪಿನ ಮೂಲದ ಯಹೂದಿಗಳು ಸಬ್ಬತ್ ಬಿಟ್ಟು ಪ್ರತಿ ಬೆಳಿಗ್ಗೆ ಕೊಂಬು ಊದಿ, 27ನೆಯ ಕೀರ್ತನೆಯನ್ನು ಪ್ರಾರ್ಥನೆಗೆ ಸೇರಿಸುತ್ತಾರೆ. ಸ್ಪೇನ್ ಮತ್ತು ಮಧ್ಯಪ್ರಾಚ್ಯ ಮೂಲದ ಸೆಫಾರ್ದಿ ಯಹೂದಿಗಳು ತಿಂಗಳುದ್ದಕ್ಕೂ ಬೆಳಗಿನ ಜಾವದ ಕತ್ತಲಲ್ಲೇ ಎದ್ದು ಸೆಲಿಖೋತ್ ಎಂಬ ಕ್ಷಮಾಪ್ರಾರ್ಥನೆಗಳನ್ನು ಹಾಡುತ್ತಾರೆ. ಅಶ್ಕೆನಾಜಿಗಳಲ್ಲಿ ಅದು ಹಬ್ಬಕ್ಕೆ ಕೆಲವೇ ದಿನ ಮುಂಚೆ, ಶನಿವಾರದ ರಾತ್ರಿ ಮೊದಲಾಗುತ್ತದೆ. ಹಬ್ಬದ ಹಿಂದಿನ ದಿನ ಕೊಂಬು ಊದುವುದಿಲ್ಲ. ರೂಢಿಯ ದನಿಗೂ ಕಟ್ಟಳೆಯ ದನಿಗೂ ನಡುವೆ ಒಂದು ದಿನದ ಮೌನವಿರುತ್ತದೆ. ಅಂದು ಮೂವರನ್ನು ನ್ಯಾಯಾಧೀಶರಂತೆ ಕೂರಿಸಿ, ವರ್ಷದಲ್ಲಿ ದುಡುಕಿ ಮಾಡಿದ ಹರಕೆಗಳಿಂದ ಬಿಡುಗಡೆ ಕೇಳುವ ಪದ್ಧತಿಯೂ ಇದೆ. ಇದು ದೇವರೊಡನೆ ಮಾಡಿಕೊಂಡ ಮಾತುಗಳಿಗೆ ಮಾತ್ರ ಸಲ್ಲುತ್ತದೆ. ಇನ್ನೊಬ್ಬ ಮನುಷ್ಯನಿಗೆ ಕೊಟ್ಟ ಮಾತನ್ನು ಹೀಗೆ ಬಿಡಿಸಿಕೊಳ್ಳಲು ಬರುವುದಿಲ್ಲ.

ಹಿರಿಯರ ಸಮಾಧಿಗಳಿಗೆ ಹೋಗಿ ಬರುವುದೂ ಈ ತಿಂಗಳ ಕೆಲಸ. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಬಳಿ ಯಹೂದಿಗಳದೇ ಒಂದು ಚಿಕ್ಕ ಸ್ಮಶಾನವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1904ರಲ್ಲಿ, ಆ ಸಮುದಾಯಕ್ಕೆ ಸಿಕ್ಕ ನೆಲ ಅದು. ಹೀಬ್ರೂ ಅಕ್ಷರದ ಆ ಕಲ್ಲುಗಳ ಮುಂದೆ ಹೂವಿಗಿಂತ ಹೆಚ್ಚಾಗಿ ಪುಟ್ಟ ಬೆಣಚುಕಲ್ಲುಗಳನ್ನು ಇಟ್ಟು ಹೋಗುವುದು ಅವರ ವಾಡಿಕೆ.

ನೀವು ಮಾಡಬೇಕಾದ ಸಿದ್ಧತೆ ಇಷ್ಟೊಂದಿಲ್ಲ. ಹಬ್ಬದ ಎರಡು ದಿನಗಳಲ್ಲಿ ಸಂಪ್ರದಾಯಸ್ಥರು ಫೋನ್ ಮುಟ್ಟುವುದಿಲ್ಲವಾದ್ದರಿಂದ ಶುಭಾಶಯವನ್ನು ಮುಂಚಿನ ದಿನ ಸೂರ್ಯಾಸ್ತದೊಳಗೆ ಕಳಿಸಿ. ‘ಶಾನಾ ತೋವಾ’, ಅಂದರೆ ಒಳ್ಳೆಯ ವರ್ಷ, ಎಂದರೆ ಎಲ್ಲರಿಗೂ ಒಪ್ಪುತ್ತದೆ. ‘ಶಾನಾ ತೋವಾ ಉಮೆತುಕಾ’ ಎಂದರೆ ಒಳ್ಳೆಯ, ಸಿಹಿಯಾದ ವರ್ಷ. ಹಬ್ಬದ ರಾತ್ರಿ ಗಂಡಸಿಗೆ ‘ಲೆಶಾನಾ ತೋವಾ ತಿಕಾತೇವ್ ವೆತೆಖಾತೇಮ್’ ಎಂದೂ, ಹೆಂಗಸಿಗೆ ‘ತಿಕಾತೇವಿ ವೆತೆಖಾತೇಮಿ’ ಎಂದೂ ಹೇಳುವುದುಂಟು. ‘ಒಳ್ಳೆಯ ವರ್ಷಕ್ಕೆ ನಿಮ್ಮ ಹೆಸರು ಬರೆಯಲ್ಪಟ್ಟು ಮುದ್ರೆ ಬೀಳಲಿ’ ಎಂಬುದು ಅದರ ಅರ್ಥ. ಈ ಹಾರೈಕೆಯ ಹಿಂದೆ, ರಬ್ಬಿಗಳ ಚರ್ಚೆಗಳ ಗ್ರಂಥವಾದ ತಾಲ್ಮುಡ್‌ನ ಒಂದು ಕಲ್ಪನೆಯಿದೆ. ರೋಶ್ ಹಶಾನಾದಂದು ದೇವರ ಮುಂದೆ ಮೂರು ಪುಸ್ತಕಗಳು ತೆರೆದಿರುತ್ತವೆ. ಪೂರ್ತಿ ಸಜ್ಜನರ ಹೆಸರು ಒಂದರಲ್ಲಿ, ಪೂರ್ತಿ ದುರ್ಜನರ ಹೆಸರು ಇನ್ನೊಂದರಲ್ಲಿ ಅಂದೇ ಬರೆಯಲ್ಪಡುತ್ತದೆ. ನಡುವಿನವರ ತೀರ್ಪು ಯೋಮ್ ಕಿಪ್ಪೂರ್‌ವರೆಗೆ ಬಾಕಿ ಉಳಿಯುತ್ತದೆ. ತಾನು ಆ ನಡುವಿನವನೆಂದೇ ತಿಳಿದು ನಡೆದುಕೊಳ್ಳಬೇಕು ಎಂಬುದು ಬೋಧೆ.

ಸಂಜೆಯ ಮನೆ, ಸಿಹಿಯ ಮೇಜು

ಸೂರ್ಯಾಸ್ತಕ್ಕೆ ಮುಂಚೆ ಮನೆಯ ಹೆಂಗಸರು ದೀಪ ಹಚ್ಚಿ ಆಶೀರ್ವಚನ ಹೇಳುತ್ತಾರೆ. ಸಬ್ಬತ್ ಅಲ್ಲದ ಹಬ್ಬದ ದಿನಗಳಲ್ಲಿ ಇರುವ ಬೆಂಕಿಯಿಂದ ಬೆಂಕಿ ಹೊತ್ತಿಸಬಹುದು, ಕಡ್ಡಿ ಗೀರಿ ಹೊಸ ಬೆಂಕಿ ಹುಟ್ಟಿಸುವಂತಿಲ್ಲ. ಹಾಗಾಗಿ ಎರಡನೆಯ ರಾತ್ರಿಯ ದೀಪಕ್ಕೆಂದು ದೀರ್ಘಕಾಲ ಉರಿಯುವ ಒಂದು ಬತ್ತಿಯನ್ನು ಮೊದಲೇ ಹಚ್ಚಿಟ್ಟಿರುತ್ತಾರೆ. ಎಲ್ಲಾದರೂ ಮೂಲೆಯಲ್ಲಿ ಅಂಥ ದೀಪ ಕಂಡರೆ ಆರಿಸಬೇಡಿ. ನಂತರ ದ್ರಾಕ್ಷಾರಸದ ಬಟ್ಟಲು ಹಿಡಿದು ಕಿದ್ದುಶ್ ಎಂಬ ಹಬ್ಬದ ಆಶೀರ್ವಚನ ಹೇಳುತ್ತಾರೆ, ಕೈ ತೊಳೆಯುತ್ತಾರೆ, ಖಲ್ಲಾ ಎಂಬ ಬ್ರೆಡ್ಡನ್ನು ಮುರಿಯುತ್ತಾರೆ. ಕೈ ತೊಳೆದಾಗಿನಿಂದ ಬ್ರೆಡ್ಡು ಬಾಯಿಗೆ ಹೋಗುವವರೆಗೆ ಮಾತಾಡುವುದಿಲ್ಲ. ಆ ಮೌನವನ್ನು ನೀವೂ ಪಾಲಿಸಿದರೆ ಮನೆಯವರಿಗೆ ಹಿತವಾಗುತ್ತದೆ. ವಾರವಾರದ ಖಲ್ಲಾ ಉದ್ದನೆಯ ಜಡೆಯಂತಿದ್ದರೆ ಈ ಹಬ್ಬದ್ದು ದುಂಡಗೆ, ವರ್ಷ ಸುತ್ತಿ ಬರುವುದರ ಗುರುತಾಗಿ, ಕಿರೀಟದ ಗುರುತಾಗಿ. ಎಂದಿನಂತೆ ಉಪ್ಪಿಗೆ ಅದ್ದದೆ ಜೇನಿಗೆ ಅದ್ದುತ್ತಾರೆ.

ಆಮೇಲೆ ಸೇಬು. ಹೋಳನ್ನು ಜೇನಿಗೆ ಅದ್ದಿ, ಹಣ್ಣಿನ ಆಶೀರ್ವಚನ ಹೇಳಿ, ಒಂದು ತುಣುಕು ಕಚ್ಚಿ, ನಂತರ ‘ನಮ್ಮ ದೇವರೂ ನಮ್ಮ ಪೂರ್ವಿಕರ ದೇವರೂ ಆದ ಸ್ವಾಮಿಯೇ, ನಮಗೆ ಒಳ್ಳೆಯ, ಸಿಹಿಯಾದ ವರ್ಷವನ್ನು ಹೊಸದಾಗಿ ಕೊಡುವುದು ನಿನ್ನ ಚಿತ್ತವಾಗಲಿ’ ಎಂದು ಬೇಡಿಕೊಳ್ಳುತ್ತಾರೆ.

ಜಗತ್ತಿಗೆಲ್ಲ ಗೊತ್ತಿರುವುದು ಈ ಸೇಬು ಮತ್ತು ಜೇನು. ಆದರೆ ಇದಕ್ಕಿಂತ ಹಳೆಯದೂ ನನಗೆ ಹೆಚ್ಚು ಪ್ರಿಯವಾದುದೂ ಆದ ಪಟ್ಟಿಯೊಂದು ತಾಲ್ಮುಡ್‌ನಲ್ಲಿದೆ. ಬ್ಯಾಬಿಲೋನಿಯಾದ ಅಬ್ಬಾಯೆ ಎಂಬ ವಿದ್ವಾಂಸರು, ಶಕುನಕ್ಕೆ ಬೆಲೆಯಿದೆ ಎನ್ನುವುದಾದರೆ ವರ್ಷಾರಂಭದಲ್ಲಿ ಸೋರೆಕಾಯಿ, ರುಬಿಯಾ, ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪು, ಬೀಟ್ ಸೊಪ್ಪು, ಖರ್ಜೂರ ಇವುಗಳನ್ನು ರೂಢಿ ಮಾಡಿಕೊಳ್ಳಬೇಕು ಎಂದರು. ಒಂದು ಕಡೆ ಇವನ್ನು ನೋಡಬೇಕು ಎಂದಿದ್ದರೆ ಇನ್ನೊಂದು ಕಡೆ ತಿನ್ನಬೇಕು ಎಂದಿದೆ. ಗುಟ್ಟಿರುವುದು ಹೆಸರುಗಳಲ್ಲಿ. ಸೋರೆಕಾಯಿಯ ‘ಕರಾ’ ಎಂಬ ಹೆಸರು ಹರಿಯುವುದು ಎಂಬ ಪದಕ್ಕೆ ಹತ್ತಿರವಾದ್ದರಿಂದ ‘ನಮ್ಮ ಮೇಲಿನ ಕೆಟ್ಟ ತೀರ್ಪಿನ ಓಲೆ ಹರಿದುಹೋಗಲಿ’ ಎಂಬ ಪ್ರಾರ್ಥನೆ. ರುಬಿಯಾದಲ್ಲಿ ಹೆಚ್ಚುವುದು ಎಂಬ ಪದ ಕೇಳಿಸುವುದರಿಂದ ‘ನಮ್ಮ ಪುಣ್ಯ ಹೆಚ್ಚಲಿ’ ಎಂಬುದು. ಖರ್ಜೂರದ ‘ತಮ್ರೀ’ಯಲ್ಲಿ ಮುಗಿಯುವುದು ಎಂಬ ಪದವಿರುವುದರಿಂದ ‘ನಮ್ಮ ಕೇಡು ಬಯಸುವವರು ಇಲ್ಲವಾಗಲಿ’ ಎಂಬುದು. ಮಾತಿನ ಶ್ಲೇಷೆಯೇ ಇಲ್ಲಿ ನೈವೇದ್ಯ. ಪದದ ಆಟ ಹೀಬ್ರೂ, ಅರಮಾಯಿಕ್ ಭಾಷೆಗಳಿಗೇ ನಿಲ್ಲಲಿಲ್ಲ. ಯಿದ್ದಿಶ್ ಮಾತಾಡುವವರು ತಮ್ಮ ನುಡಿಯಲ್ಲಿ ‘ಮೇರೆನ್’ ಎಂದರೆ ಗಜ್ಜರಿಯೂ ಹೌದು, ಹೆಚ್ಚುವುದೂ ಹೌದು ಎಂಬುದನ್ನು ಕಂಡು, ಗಜ್ಜರಿಯನ್ನು ಸಿಹಿಯಾಗಿ ಬೇಯಿಸಿ ಸೇರಿಸಿಕೊಂಡರು.

ರುಬಿಯಾ ಯಾವುದೆಂಬ ಬಗ್ಗೆ ಹಳೆಯ ಚರ್ಚೆಯಿದೆ. ಫ್ರಾನ್ಸಿನ ರಾಶಿ ಎಂಬ ವ್ಯಾಖ್ಯಾನಕಾರರು ಅದನ್ನು ಮೆಂತ್ಯ ಎಂದರೆ, ಸೆಫಾರ್ದಿಗಳು ಅಲಸಂದೆ ಎಂದು ತಿಳಿದು ಅದನ್ನೇ ಬೇಯಿಸುತ್ತಾರೆ. ಉತ್ತರ ಭಾರತದವರು ಅಲಸಂದೆಗೆ ಲೋಬಿಯಾ ಎನ್ನುವುದನ್ನು ಕೇಳಿದವರಿಗೆ ಈ ಹೆಸರಿನ ನಂಟು ಕಿವಿಗೇ ತಿಳಿಯುತ್ತದೆ. ಸೋರೆಕಾಯಿ, ಅಲಸಂದೆ, ಮೆಂತ್ಯ, ಖರ್ಜೂರ, ದಾಳಿಂಬೆ ನಮ್ಮ ಯಾವ ಮಾರುಕಟ್ಟೆಯಲ್ಲೂ ಸಿಗುವುದರಿಂದ, ಬೆಂಗಳೂರಿಗೆ ಕೆಲಸದ ಮೇಲೆ ಬಂದು ಹಬ್ಬದ ಹೊತ್ತಿಗೆ ಮನೆಯಿಂದ ದೂರವಿರುವ ಯಹೂದಿ ಸಹೋದ್ಯೋಗಿಗೆ ಹಸಿಯ ತರಕಾರಿ, ಇಡಿಯ ಹಣ್ಣುಗಳನ್ನು ತಂದುಕೊಡುವುದು ನೀವು ಮಾಡಬಹುದಾದ ಒಳ್ಳೆಯ ಸಹಾಯ. ನೀವೇ ಬೇಯಿಸಿದ್ದನ್ನು ಒಯ್ಯಬೇಡಿ. ಕೋಶರ್ ಎಂಬ ಆಹಾರದ ನಿಯಮ ಪದಾರ್ಥಕ್ಕಷ್ಟೇ ಅಲ್ಲದೆ ಪಾತ್ರೆಗೂ ಒಲೆಗೂ ಅನ್ವಯಿಸುವುದರಿಂದ ಅವರು ತಿನ್ನಲೂ ಆಗದೆ ಬೇಡವೆನ್ನಲೂ ಆಗದೆ ಕಷ್ಟಪಡುತ್ತಾರೆ.

ದಾಳಿಂಬೆಯ ಬೀಜಗಳಷ್ಟು ಪುಣ್ಯ ತುಂಬಲಿ ಎಂಬ ಹಾರೈಕೆಯಿದೆ. ಟೋರಾದ 613 ಆಜ್ಞೆಗಳಿಗೆ ಅದನ್ನು ಹೋಲಿಸುವವರೂ ಇದ್ದಾರೆ. ಮೀನಿನ ಅಥವಾ ಕುರಿಯ ತಲೆಯನ್ನು ಮೇಜಿನ ಮೇಲಿಟ್ಟು ‘ನಾವು ಬಾಲವಾಗದೆ ತಲೆಯಾಗುವಂತಾಗಲಿ’ ಎಂದು ಬೇಡುತ್ತಾರೆ. ಎರಡನೆಯ ರಾತ್ರಿ ಆ ಋತುವಿನಲ್ಲಿ ಇನ್ನೂ ಬಾಯಿಗಿಡದ ಒಂದು ಹೊಸ ಹಣ್ಣನ್ನು ಇಡುವುದು ರೂಢಿ. ಎರಡೂ ದಿನ ಸೇರಿ ಒಂದೇ ದಿನವಾದರೆ ‘ಈ ಹೊತ್ತಿನವರೆಗೆ ನಮ್ಮನ್ನು ಬದುಕಿಸಿದ’ ದೇವರಿಗೆ ಸಲ್ಲಿಸುವ ವಂದನೆಯನ್ನು ಎರಡನೆಯ ರಾತ್ರಿ ಮತ್ತೆ ಹೇಳಬಹುದೇ ಎಂಬ ಸಂದೇಹಕ್ಕೆ ಹೊಸ ಹಣ್ಣೇ ಪರಿಹಾರ. ಹುಳಿ ಮತ್ತು ಕಹಿಯನ್ನು ಬಹಳ ಮನೆಗಳಲ್ಲಿ ಈ ದಿನ ದೂರವಿಡುತ್ತಾರೆ. ಯುಗಾದಿಯ ಬೇವುಬೆಲ್ಲದ ಸಮದೃಷ್ಟಿ ಇಲ್ಲಿನದಲ್ಲ. ತೀರ್ಪು ಇನ್ನೂ ಬರೆಯಲ್ಪಡುತ್ತಿರುವಾಗ ಸಿಹಿಯನ್ನಷ್ಟೇ ಬೇಡುವ ಮಗುವಿನ ಒತ್ತಾಯ ಇಲ್ಲಿದೆ.

ಭಾರತದ ಯಹೂದಿಗಳ ಮೇಜಿನಲ್ಲಿ ಇನ್ನೊಂದು ಸಿಹಿ ಕಾಣುತ್ತದೆ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಸಮುದಾಯದವರು ಮರಾಠಿಯಲ್ಲಿ ಈ ಹಬ್ಬವನ್ನು ‘ನವ್ಯಾಚಾ ಸಣ’ ಎಂದು ಕರೆದು, ಗೋಧಿಯ ಹಾಲಿನಿಂದ ಚಿಕಚಾ ಹಲ್ವಾ ಮಾಡುತ್ತಾರೆ. ನೆನೆಸಿದ ಗೋಧಿಯನ್ನು ರುಬ್ಬಿ, ಹಿಂಡಿ, ಹಾಲನ್ನು ತಿಳಿಯಾಗಲು ಬಿಟ್ಟು, ಕೆಳಗೆ ಕುಳಿತ ಗಟ್ಟಿಯನ್ನು ಸಕ್ಕರೆ ಮತ್ತು ತೆಂಗಿನ ಹಾಲಿನೊಡನೆ ತಳ ಹಿಡಿಯದಂತೆ ಬಹಳ ಹೊತ್ತು ಕೈಯಾಡಿಸುತ್ತಾರೆ. ಪಾತ್ರೆಯ ಅಂಚು ಬಿಟ್ಟು ಮುದ್ದೆ ಹೊಳೆಯತೊಡಗಿದಾಗ ಏಲಕ್ಕಿ ಸೇರಿಸಿ ತಟ್ಟೆಗೆ ಸುರಿದು, ಮೇಲೆ ಬಾದಾಮಿ, ಪಿಸ್ತಾ ಉದುರಿಸಿ ಒತ್ತುತ್ತಾರೆ. ದನದ ಹಾಲಿನ ಬದಲು ತೆಂಗಿನ ಹಾಲು ಬಂದುದಕ್ಕೆ ಕರಾವಳಿಯ ವಾಸವೊಂದೇ ಕಾರಣವಲ್ಲ. ಮಾಂಸದೂಟದ ಜೊತೆ ಹಾಲಿನ ಪದಾರ್ಥ ಕೂಡದು ಎಂಬ ನಿಯಮಕ್ಕೂ ಅದು ಒಪ್ಪುತ್ತದೆ. ಅಶ್ಕೆನಾಜಿಗಳಲ್ಲಿ ಹಲವರು ಈ ಹಬ್ಬದಲ್ಲಿ ಅಕ್ರೋಟಿನಂಥ ಬೀಜಗಳನ್ನು ತಿನ್ನುವುದೇ ಇಲ್ಲ, ಅಕ್ಷರಗಳಿಗೆ ಅಂಕಿ ಕೊಟ್ಟು ಕೂಡಿದರೆ ಹೀಬ್ರೂವಿನಲ್ಲಿ ಅಕ್ರೋಟು ಎಂಬ ಪದದ ಮೊತ್ತ ಪಾಪ ಎಂಬ ಪದದ ಮೊತ್ತಕ್ಕೆ ಹತ್ತಿರವೆಂದು. ಬಾದಾಮಿ ಹೊತ್ತ ಈ ಹಲ್ವಾ ಕೊಂಕಣದ ಮನೆಗಳಲ್ಲಿ ನಿಶ್ಚಿಂತೆಯಿಂದ ಉಳಿದುಬಂದಿದೆ.

ಕೊಂಬಿನ ದನಿಯನ್ನು ಕೇಳುವ ಬಗೆ

ರೋಶ್ ಹಶಾನಾದಂದು ಟೋರಾ ವಿಧಿಸುವ ವಿಶೇಷ ಕರ್ತವ್ಯ ಒಂದೇ, ಶೋಫಾರ್ ಎಂಬ ಕೊಂಬಿನ ದನಿಯನ್ನು ಕೇಳುವುದು. ಊದುವುದಲ್ಲ, ಕೇಳುವುದು, ಊದುವ ಮುನ್ನ ಹೇಳುವ ಆಶೀರ್ವಚನದಲ್ಲೇ ‘ಶೋಫಾರ್ ದನಿಯನ್ನು ಕೇಳಲು’ ಎಂಬ ಮಾತಿದೆ.

ಶೋಫಾರನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಟಗರಿನ ಕೊಂಬಿನ ಹೊರಚಿಪ್ಪು ನಮ್ಮ ಉಗುರಿನ ವಸ್ತುವಿನದೇ. ಒಳಗಿನ ಮೂಳೆಯನ್ನು ತೆಗೆದರೆ ಅಗಲವಾದ ಕಡೆ ಪೊಳ್ಳು, ತುದಿಯಲ್ಲಿ ಗಟ್ಟಿ. ಆ ಗಟ್ಟಿ ತುದಿಯನ್ನು ಕತ್ತರಿಸಿ, ಪೊಳ್ಳು ಸಿಗುವವರೆಗೆ ರಂಧ್ರ ಕೊರೆದು, ಬಾಯಿಗೆ ಹೊಂದುವಂತೆ ಅಂಚನ್ನು ನಯಗೊಳಿಸುತ್ತಾರೆ. ತುಟಿ ತಾಗುವಲ್ಲಿ ಲೋಹದ ಹೊದಿಕೆ ಹಾಕುವಂತಿಲ್ಲ, ಉದ್ದಕ್ಕೆ ಸೀಳಿದ ಕೊಂಬು ನಡೆಯುವುದಿಲ್ಲ, ಹಸುವಿನ ಕೊಂಬು ಕೂಡದು. ಯೆಮೆನ್ ಮೂಲದವರು ಕುಡು ಎಂಬ ಜಿಂಕೆಯಂಥ ಪ್ರಾಣಿಯ ಉದ್ದನೆಯ ಸುರುಳಿ ಕೊಂಬನ್ನೂ ಬಳಸುತ್ತಾರೆ. ಬಾಗಿದ ಕೊಂಬೇ ಲೇಸು, ಏಕೆಂದರೆ ಆ ದಿನ ಮನುಷ್ಯ ಮನಸ್ಸನ್ನು ಬಾಗಿಸಿದಷ್ಟೂ ಒಳ್ಳೆಯದು ಎನ್ನುತ್ತದೆ ತಾಲ್ಮುಡ್. ಊದುವವರು ಕೊಂಬನ್ನು ಬಾಯಿಯ ಬಲಮೂಲೆಗೆ ಒತ್ತಿ, ಕೆನ್ನೆ ಉಬ್ಬಿಸದೆ, ಬಿಗಿದ ತುಟಿಗಳನ್ನು ಉಸಿರಿನಿಂದ ನಡುಗಿಸುತ್ತಾರೆ. ಕೊಂಬಿಗೆ ತಾನಾಗಿ ದನಿಯಿಲ್ಲ. ತುಟಿಯ ಆ ನಡುಕವನ್ನೇ ಅದು ದೊಡ್ಡದು ಮಾಡುತ್ತದೆ. ಪಳಗಿದವರಿಗೂ ಒಮ್ಮೊಮ್ಮೆ ಬರೀ ಗಾಳಿ ಹೊರಬರುತ್ತದೆ. ಆಗ ಸಭೆಯಿಡೀ ಉಸಿರು ಹಿಡಿದು ಕಾಯುತ್ತದೆ.

ದನಿಗಳು ಮೂರು ಬಗೆಯವು. ತೆಕಿಯಾ ಒಂದೇ ನೇರವಾದ, ಮುರಿಯದ ಊದು. ಶೆವಾರೀಮ್ ಮೂರು ತುಂಡಾದ ನಿಟ್ಟುಸಿರು. ತೆರುವಾ ಒಂಬತ್ತು ಚಿಕ್ಕ ಚಿಕ್ಕ ಬಿಕ್ಕು. ಪ್ರತಿ ಸಲವೂ ಒಡೆದ ದನಿಯ ಹಿಂದೆ ಒಂದು, ಮುಂದೆ ಒಂದು ಇಡಿಯಾದ ತೆಕಿಯಾ ಇರುತ್ತದೆ. ಒಡೆದ ದನಿ ಎರಡು ಬಗೆಯಾದುದರ ಹಿಂದೆ ಒಂದು ಸಂದೇಹವಿದೆ. ಟೋರಾ ತೆರುವಾ ಎಂದಷ್ಟೇ ಹೇಳಿದೆ. ಅದು ನರಳುವಿಕೆಯೇ, ಬಿಕ್ಕಿ ಅಳುವಿಕೆಯೇ ಎಂದು ಗೊತ್ತಾಗದಿದ್ದಾಗ, ಕೈಸರೈಯದ ರಬ್ಬಿ ಅಬ್ಬಾಹು ಎರಡನ್ನೂ ಊದುವಂತೆ ನಿಯಮ ಮಾಡಿದರು. ಅದು ಅಳುವಿನ ದನಿ ಎಂಬುದನ್ನು ಗೊತ್ತುಮಾಡಲು ತಾಲ್ಮುಡ್ ಯಾರ ಅಳುವನ್ನು ಸಾಕ್ಷಿಯಾಗಿ ತರುತ್ತದೆ ಎಂಬುದನ್ನು ತಿಳಿದಾಗ ನನಗೆ ಈ ಹಬ್ಬದ ಬಗ್ಗೆ ಗೌರವ ಇಮ್ಮಡಿಯಾಯಿತು. ಅದು ಸೀಸೆರನ ತಾಯಿಯ ಅಳು. ಸೀಸೆರ ಇಸ್ರಾಯೇಲ್ಯರ ಮೇಲೆ ದಂಡೆತ್ತಿ ಬಂದ ಶತ್ರು ಸೇನಾಪತಿ. ಯುದ್ಧದಿಂದ ಮಗ ಮರಳಲಿಲ್ಲವೆಂದು ಅವನ ತಾಯಿ ಕಿಟಕಿಯಲ್ಲಿ ನಿಂತು ಗೋಳಾಡುತ್ತಾಳೆ ಎಂದು ನ್ಯಾಯಸ್ಥಾಪಕರ ಗ್ರಂಥದಲ್ಲಿದೆ. ಸಿನಗಾಗ್‌ಗಳಲ್ಲಿ ಒಟ್ಟು 100 ಬಾರಿ ಊದುವ ರೂಢಿಗೆ, ಅವು ಆ ತಾಯಿಯ ನೂರು ನರಳಿಕೆಗಳು ಎಂಬ ವಿವರಣೆಯನ್ನು ಮಧ್ಯಯುಗದ ವ್ಯಾಖ್ಯಾನಕಾರರು ದಾಖಲಿಸಿದ್ದಾರೆ. ತಮ್ಮ ಅತ್ಯಂತ ಪವಿತ್ರ ದನಿಯ ಅಳತೆಗೋಲಾಗಿ ಹಗೆಯ ತಾಯಿಯ ಕಣ್ಣೀರನ್ನು ಇಟ್ಟುಕೊಂಡ ಪರಂಪರೆ ಇದು.

ಆ ಎರಡು ದಿನ ಓದುವ ಪಾಠಗಳನ್ನೂ ಇದರ ಜೊತೆಗಿಟ್ಟು ನೋಡಿ. ಮೊದಲ ದಿನ ಆದಿಕಾಂಡದ ಪಾಠದಲ್ಲಿ ಮೂಲಪುರುಷ ಅಬ್ರಹಾಮನ ಹೆಂಡತಿ ಸಾರಾಳಿಗೆ ಮುದಿವಯಸ್ಸಿನಲ್ಲಿ ಇಸಾಕ ಹುಟ್ಟುತ್ತಾನೆ. ಆ ಮನೆಯಿಂದ ಹೊರದೂಡಲ್ಪಟ್ಟ ದಾಸಿ ಹಾಗರಳು ನೀರು ಮುಗಿದಾಗ ಮಗನನ್ನು ಪೊದೆಯ ಕೆಳಗೆ ಮಲಗಿಸಿ, ಅವನು ಸಾಯುವುದನ್ನು ನೋಡಲಾರೆನೆಂದು ದೂರ ಕುಳಿತು ಅಳುತ್ತಾಳೆ. ಅದೇ ದಿನ ಪ್ರವಾದಿಗಳ ಭಾಗದಿಂದ, ಮಗುವಿಗಾಗಿ ತುಟಿಯಲ್ಲೇ ಬೇಡಿಕೊಂಡ ಹನ್ನಳ ಕಥೆ. ಎರಡನೆಯ ದಿನ, ಇಲ್ಲವಾದ ಮಕ್ಕಳಿಗಾಗಿ ಅಳುವ ರಾಹೇಲಳನ್ನು ಸಮಾಧಾನಪಡಿಸುವ ಯೆರೆಮೀಯನ ಮಾತು. ಇಸಾಕನ ಬಲಿ ತಪ್ಪಿ, ಕೊಂಬು ಪೊದೆಗೆ ಸಿಕ್ಕಿಕೊಂಡ ಟಗರು ಅವನ ಬದಲಿಗೆ ಬಲಿಯಾದ ಪ್ರಸಂಗವೂ ಎರಡನೆಯ ದಿನದ್ದೇ. ಟಗರಿನ ಕೊಂಬನ್ನು ಊದುವುದು ಆ ನೆನಪಿಗೆ ಎನ್ನುತ್ತಾರೆ. ಮಧ್ಯಯುಗದ ವಿದ್ವಾಂಸ ಮೈಮೋನಿಡೀಸ್ ಇದೇ ದನಿಯಲ್ಲಿ ‘ಮಲಗಿದವರೇ ಏಳಿ, ನಿಮ್ಮ ನಡತೆಯನ್ನು ಹುಡುಕಿ ನೋಡಿಕೊಳ್ಳಿ’ ಎಂಬ ಕರೆಯನ್ನು ಕೇಳಿದರು. ಅದೂ ಸರಿ, ಆದರೆ ಪಾಠಗಳನ್ನು ಕೇಳಿ ಕುಳಿತವರಿಗೆ ಎಚ್ಚರಿಕೆಗಿಂತ ಮೊದಲು ತಾಯಂದಿರ ಅಳುವೇ ಕಿವಿಗೆ ಬೀಳುತ್ತದೆ ಎಂಬುದು ನನ್ನ ಅನಿಸಿಕೆ.

ಸಿನಗಾಗ್‌ಗೆ ಹೋಗುವವರು ಮೊದಲೇ ತಿಳಿಸಿ ಒಪ್ಪಿಗೆ ಪಡೆದಿರಬೇಕು. ಗುರುತಿನ ಚೀಟಿ ಕೇಳುವುದು ಸಾಮಾನ್ಯ. ಗಂಡಸರು ತಲೆ ಮುಚ್ಚಿಕೊಳ್ಳಬೇಕು, ಮೈತುಂಬ ಬಟ್ಟೆಯಿರಬೇಕು, ಸಾಂಪ್ರದಾಯಿಕ ಸಿನಗಾಗ್‌ಗಳಲ್ಲಿ ಹೆಂಗಸರಿಗೆ ಬೇರೆ ಜಾಗವಿರುತ್ತದೆ. ಫೋಟೊ, ಫೋನ್, ಬರವಣಿಗೆ ಬೇಡ. ಟೋರಾದ ಕಪಾಟು ತೆರೆದಾಗ ಎಲ್ಲರೊಡನೆ ಎದ್ದು ನಿಲ್ಲಿ. ಆಶೀರ್ವಚನದಿಂದ ಕೊನೆಯ ಊದಿನವರೆಗೆ ಜನ ಮಾತಾಡುವುದಿಲ್ಲ. ಎಷ್ಟೇ ಚೆನ್ನಾಗಿ ಊದಿದರೂ ಚಪ್ಪಾಳೆ ತಟ್ಟಬೇಡಿ. ಹಬ್ಬದ ದಿನವಾದರೂ ಹಲ್ಲೇಲ್ ಎಂಬ ಸ್ತುತಿಗೀತೆಗಳನ್ನು ಅಂದು ಹಾಡುವುದಿಲ್ಲ. ಅರಸನು ತೀರ್ಪಿನ ಪೀಠದಲ್ಲಿ ಕುಳಿತು, ಬದುಕಿನ ಮತ್ತು ಸಾವಿನ ಪುಸ್ತಕಗಳು ತೆರೆದಿರುವಾಗ ಹಾಡುವುದು ಹೇಗೆ ಎಂಬುದು ತಾಲ್ಮುಡ್ ಕೊಡುವ ಕಾರಣ. ‘ಯಾರು ಬದುಕುವರು, ಯಾರು ಸಾಯುವರು’ ಎಂದು ಕೇಳುವ ಉನೆತನೆ ತೋಕೆಫ್ ಪ್ರಾರ್ಥನೆ ಬಂದಾಗ ಹಲವರು ಅಳುತ್ತಾರೆ. ಪಶ್ಚಾತ್ತಾಪ, ಪ್ರಾರ್ಥನೆ ಮತ್ತು ದಾನ ತೀರ್ಪಿನ ಕಠೋರತೆಯನ್ನು ಕಳೆಯುತ್ತವೆ ಎಂಬ ಸಾಲನ್ನು ಸಭೆಯಿಡೀ ಗಟ್ಟಿಯಾಗಿ ಹೇಳುತ್ತದೆ.

ದಿನ ಆರಿಸುವಾಗ ಒಂದು ವಿಷಯ ಗಮನಿಸಿ. ಮೊದಲ ಹಗಲು ಸಬ್ಬತ್ ಆದರೆ ಸಂಪ್ರದಾಯಸ್ಥರು ಅಂದು ಶೋಫಾರ್ ಊದುವುದಿಲ್ಲ. ಊದಲು ಕಲಿಯಲೆಂದು ಯಾರಾದರೂ ಕೊಂಬನ್ನು ಬೀದಿಯಲ್ಲಿ ಹೊತ್ತೊಯ್ದು ಸಬ್ಬತ್ ಮುರಿದಾರು ಎಂಬ ಅಂಜಿಕೆಯೇ ಕಾರಣ. 2026 ಮತ್ತು 2027 ಎರಡರಲ್ಲೂ ಮೊದಲ ಹಗಲು ಶನಿವಾರವಾದ್ದರಿಂದ, ಕೊಂಬು ಕೇಳಬೇಕೆನ್ನುವವರು 2026ರಲ್ಲಿ ಸೆಪ್ಟೆಂಬರ್ 13ರ ಭಾನುವಾರ, 2027ರಲ್ಲಿ ಅಕ್ಟೋಬರ್ 3ರ ಭಾನುವಾರ ಹೋಗಬೇಕು.

ಕರ್ನಾಟಕದಿಂದ ಹೊರಡುವವರಿಗೆ ಮುಂಬಯಿಯ ಸಿನಗಾಗ್‌ಗಳು ದೂರವಲ್ಲ. ಅವುಗಳಲ್ಲಿ ಅತ್ಯಂತ ಹಳೆಯದಾದ ಶಾರ್ ಹಾರಹಮೀಮ್, ಅಂದರೆ ಕರುಣೆಯ ಬಾಗಿಲು, ನಮ್ಮ ನಾಡಿನ ಇತಿಹಾಸಕ್ಕೂ ಅಂಟಿಕೊಂಡಿದೆ. ಅದನ್ನು 1796ರಲ್ಲಿ ಕಟ್ಟಿಸಿದ ಸ್ಯಾಮುವೆಲ್ ಎಜೆಕಿಯೆಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದು, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾಗಿದ್ದವರು. ಬದುಕಿ ಮರಳಿದರೆ ಸಿನಗಾಗ್ ಕಟ್ಟಿಸುವೆನೆಂದು ಸೆರೆಯಲ್ಲಿ ಹರಕೆ ಹೊತ್ತಿದ್ದರೆಂದೂ, ಬೆನೆ ಇಸ್ರೇಲ್ ಜನರ ಮೇಲೆ ಕರುಣೆ ತೋರಿ ಬಿಡಿಸಿದವರು ಟಿಪ್ಪುವಿನ ತಾಯಿಯೆಂದೂ ಆ ಸಮುದಾಯದಲ್ಲಿ ಹೇಳುತ್ತಾರೆ.

ನೀರಿನ ದಡದಿಂದ ಹತ್ತನೆಯ ದಿನದವರೆಗೆ

ಮೊದಲ ದಿನದ ಮಧ್ಯಾಹ್ನ, ಅದು ಸಬ್ಬತ್ ಆದರೆ ಬಹುಪಾಲು ಜನ ಎರಡನೆಯ ದಿನ, ಹೊಳೆ, ಕೆರೆ ಅಥವಾ ಸಮುದ್ರದ ದಡಕ್ಕೆ ಹೋಗಿ ತಶ್ಲೀಖ್ ಮಾಡುತ್ತಾರೆ. ‘ಅವರ ಪಾಪಗಳನ್ನೆಲ್ಲ ಸಮುದ್ರದ ಆಳಕ್ಕೆ ಎಸೆಯುವಿ’ ಎಂಬ ಪ್ರವಾದಿ ಮೀಕನ ವಚನ ಹೇಳಿ ಬಟ್ಟೆಯ ಅಂಚನ್ನೋ ಜೇಬನ್ನೋ ಕೊಡವುತ್ತಾರೆ. ಬ್ರೆಡ್ಡಿನ ಚೂರು ಎಸೆಯುವವರು ಇದ್ದರೂ ಹಬ್ಬದ ದಿನ ಮೀನಿಗೆ ಆಹಾರ ಹಾಕುವುದನ್ನು ರಬ್ಬಿಗಳು ಒಪ್ಪುವುದಿಲ್ಲ. ಜೇಬು ಕೊಡವಿದರೆ ಸಾಕು.

ಹಬ್ಬ ಮುಗಿದ ಮರುದಿನ, ಯಹೂದ್ಯರ ಅಧಿಪತಿಯಾಗಿದ್ದ ಗೆದಲ್ಯನ ಕೊಲೆಯ ನೆನಪಿನ ಹಗಲು ಉಪವಾಸ. ಅಲ್ಲಿಂದ ಹತ್ತನೆಯ ತಾರೀಖಿನ ಯೋಮ್ ಕಿಪ್ಪೂರ್‌ವರೆಗೆ ಶುಭಾಶಯವೂ ಬದಲಾಗುತ್ತದೆ. ‘ಗ್ಮಾರ್ ಖತಿಮಾ ತೋವಾ’, ಅಂದರೆ ಕೊನೆಯ ಮುದ್ರೆ ಒಳ್ಳೆಯದಾಗಲಿ, ಎನ್ನಿ. ಈ ದಿನಗಳ ಮುಖ್ಯ ಕೆಲಸ ಸಿನಗಾಗ್‌ನ ಹೊರಗೆ ನಡೆಯುತ್ತದೆ. ದೇವರಿಗೆ ಮಾಡಿದ ತಪ್ಪನ್ನು ಯೋಮ್ ಕಿಪ್ಪೂರ್ ತೊಳೆಯುತ್ತದೆ, ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನನ್ನು ಸಮಾಧಾನಪಡಿಸುವವರೆಗೆ ತೊಳೆಯುವುದಿಲ್ಲ ಎಂದು ಮಿಶ್ನಾ ಖಂಡಿತವಾಗಿ ಹೇಳುತ್ತದೆ. ನೊಂದವರು ಒಪ್ಪದಿದ್ದರೆ ಮೂವರನ್ನು ಕರೆದುಕೊಂಡು ಮತ್ತೆ ಹೋಗಬೇಕು, ಹೀಗೆ ಮೂರು ಬಾರಿ ಕೇಳಬೇಕು. ನಿಮ್ಮ ಯಹೂದಿ ಗೆಳೆಯರು ಈ ವಾರದಲ್ಲಿ ಕರೆಮಾಡಿ, ವರ್ಷದಲ್ಲಿ ಎಂದಾದರೂ ನಿಮ್ಮ ಮನಸ್ಸು ನೋಯಿಸಿದ್ದರೆ ಕ್ಷಮಿಸಿ ಎಂದರೆ, ‘ಅಯ್ಯೋ, ಏನೂ ಇಲ್ಲ ಬಿಡಿ’ ಎಂದು ನಕ್ಕು ಹಾರಿಸಬೇಡಿ. ಅವರು ಔಪಚಾರಿಕವಾಗಿ ಕೇಳುತ್ತಿರುವುದಿಲ್ಲ. ನೋವಾಗಿದ್ದರೆ ಅದನ್ನು ಹೇಳಿ, ಆಮೇಲೆ ‘ಕ್ಷಮಿಸಿದ್ದೇನೆ’ ಎಂಬ ಮಾತನ್ನು ಬಾಯಿಬಿಟ್ಟು ಹೇಳಿ. ಅವರಿಗೆ ಬೇಕಾದುದು ಆ ಮಾತು.

ಯೋಮ್ ಕಿಪ್ಪೂರ್‌ನ ಇಪ್ಪತ್ತೈದು ಗಂಟೆಗಳ ಉಪವಾಸ ಮುಗಿಯುವಾಗ ಶೋಫಾರ್ ಕೊನೆಯ ಬಾರಿಗೆ ಉದ್ದನೆಯ ದನಿ ಎಳೆಯುತ್ತದೆ. ಜನ ಮನೆಗೆ ಹೋಗಿ ಹಸಿವು ತೀರಿಸಿಕೊಂಡು, ಅದೇ ರಾತ್ರಿ ಅಂಗಳದಲ್ಲಿ ಟಾರ್ಚ್ ಹಿಡಿದು, ಐದು ದಿನಗಳಲ್ಲಿ ಬರುವ ಸುಕ್ಕೋತ್ ಹಬ್ಬದ ಗುಡಿಸಲಿಗೆ ಮೊದಲ ಮೊಳೆ ಹೊಡೆಯುತ್ತಾರೆ.